ಮೊನೆ ಯಾವ ಕಡೆಗೆ

ಊಟದ ಚೀಲದಲ್ಲಿ ಡಬ್ಬಿಯ ಪಕ್ಕದಲ್ಲೇ ಚಾಕು ಇಟ್ಟುಕೊಂಡು ಬಸ್ಸು ಹತ್ತಿದವನು ದಾರಿಯುದ್ದಕ್ಕೂ ಎಲ್ಲರನ್ನೂ ನೋಡಿ ನಗಬೇಕಾಗುತ್ತದೆ ಎಂಬುದು ಅವನಿಗೆ ಮೂರನೆಯ ನಿಲ್ದಾಣದ ಹೊತ್ತಿಗೆ ತಿಳಿದುಹೋಗಿತ್ತು. ಯಾರ ಮೊಣಕೈ ತಾಗಿದರೂ ಚೀಲವನ್ನು ಎದೆಗೆ ಅವಚಿಕೊಂಡು, ತಪ್ಪು ತನ್ನದೇ ಎನ್ನುವಂತೆ ಹಲ್ಲು ಬಿಡುತ್ತಿದ್ದ. ಎದುರು ಸೀಟಿನ ಹೆಂಗಸು ತನ್ನ ಮಗುವನ್ನು ಕಿಟಕಿಯ ಕಡೆಗೆ ಸರಿಸಿಕೊಂಡಳು. ಅವಳಿಗೆ ಚಾಕು ಕಂಡಿರಲಿಲ್ಲ, ನಗು ಕಂಡಿತ್ತು. ಚಾಕು ಒರೆಯಲ್ಲಿತ್ತು, ಒರೆ ಟವೆಲ್ಲಿನಲ್ಲಿತ್ತು, ಟವೆಲ್ಲಿಗೆ ಹೆಂಡತಿ ಎರಡು ರಬ್ಬರ್ ಬ್ಯಾಂಡ್ ಹಾಕಿ, "ಊಟದ ಚೀಲದಲ್ಲಿ ಇಡಬೇಡಿ ಅಂದ್ರೆ ಕೇಳಲ್ಲ ನೀವು. ಕರಡಿಗೆ ಹಾಕಿದ ಚಾಕು ರೀ ಅದು, ಊಟಕ್ಕೆ ತಾಗತ್ತೆ" ಎಂದಿದ್ದಳು. ಕರಡಿ ಸತ್ತು ತೊಂಬತ್ತು ವರ್ಷವಾಗಿತ್ತು. ಎಂಬತ್ತೊಂಬತ್ತೋ, ತೊಂಬತ್ತೊಂದೋ. ಈ ಒಂದೆರಡು ವರ್ಷದ ಅನಿಶ್ಚಯ ಅವನನ್ನು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಲೋಹಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಂಡವರ ಬೋಲ್ಟು, ಸ್ಪ್ರಿಂಗು, ಸೇತುವೆಯ ಸಲಾಕೆಗಳಿಗೆ ವಜ್ರದ ಸೂಜಿ ಒತ್ತಿ, ಬಿದ್ದ ಗುಳಿಯ ಆಳದಿಂದ ಅವುಗಳ ಗಡಸುತನ ಬರೆದಿಟ್ಟವನು ಅವನು. ಗಂಟೆ ಎಷ್ಟು ಎಂದು ಕೇಳಿದರೆ ಹತ್ತು ಹದಿನಾಲ್ಕೂವರೆ ಎನ್ನುವವನು. ಸಹೋದ್ಯೋಗಿಗಳು ಅವನನ್ನು ದಶಾಂಶ ಎಂದು ಕರೆಯುತ್ತಿದ್ದರು; ಮೊದಮೊದಲು ಬೆನ್ನ ಹಿಂದೆ, ಈಚೆಗೆ ಎದುರಿಗೇ.

ಡಬ್ಬಿಯ ಇನ್ನೊಂದು ಪಕ್ಕದಲ್ಲಿ ಅವನ ಶಾಲೆಯ ಕಾಲದ ಕಂಪಾಸ್ ಪೆಟ್ಟಿಗೆ ಇತ್ತು. ಅದರೊಳಗೆ, ತುಕ್ಕು ಹಿಡಿದ ಕೈವಾರದ ಕೆಳಗೆ, ಹತ್ತಿ ಸುತ್ತಿದ ಒಂದು ಚೂರು. ಇದು ಹೆಂಡತಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಕುರ್ಚಿಯ ಮೇಲೆ ಸ್ಟೂಲಿಟ್ಟು ಗೋಡೆಯ ಮೇಲಿನ ತಾತನ ಚಾಕು ಇಳಿಸಿ, ಹಸಿರು ಪೇಂಟಿನ ಡಬ್ಬಿಯ ಮುಚ್ಚಳ ಮೀಟಿದ್ದ. ಮುಚ್ಚಳ ತೆರೆಯಿತು, ಮೊನೆಯೂ ಟಕ್ಕೆಂದು ಹಾರಿತು. ಎರಡು ಬೆರಳಗಲದ ಮೊನೆ, ಮೇಲಕ್ಕೆ ಬಾಗಿದ್ದು. ಅಲಗು ಒರೆಸಿ, ಒರೆಗೆ ಸೇರಿಸಿ, ಗೋಡೆಗೇರಿಸಿ, ಸಂಜೆಯವರೆಗೆ ಹೊಟ್ಟೆನೋವೆಂದು ಮಲಗಿದ. ಸಂಜೆ ಅಪ್ಪನ ಅಂಗಡಿಯ ಪರಿಚಯದವರು ನಾಲ್ಕು ಜನ ಬಂದರು. ತಾತ ಕರಡಿ ಕೊಂದ ಕಥೆ ಶುರುವಾಯಿತು. ಅಪ್ಪ ಚಾಕು ಹಿರಿದರು. ಹಿರಿದ ಕೈ ಅಲ್ಲೇ ನಿಂತಿತು. ಅವನು ಹೊದಿಕೆಯನ್ನು ಕಣ್ಣಿನವರೆಗೆ ಎಳೆದುಕೊಂಡ. ಅಪ್ಪ, "ನೋಡಿ, ಮೊನೆ ಕರಡಿಯ ಎಡಭುಜದಲ್ಲೇ ಉಳೀತು" ಎಂದುಬಿಟ್ಟರು. ಅಂದಿನಿಂದ ಅದೇ ಕಥೆಯಾಯಿತು. ಅದುವರೆಗೆ ಆ ಕಥೆ ಸಪ್ಪೆಯಾಗಿತ್ತು, ಮುರಿದ ಮೊನೆಯಿಂದ ಅದಕ್ಕೆ ಉಪ್ಪು ಬಿತ್ತು. ಯಾರ ಮನೆಯ ಕೂಟದಲ್ಲಾದರೂ, ಮದುವೆಯಿರಲಿ ಸಾವಿರಲಿ, ಕರಡಿ ನುಗ್ಗುತ್ತಿತ್ತು. ಅಮ್ಮ ಇದ್ದಾಗ, "ಶಿವಪೂಜೇಲಿ ಕರಡಿ ಬಿಟ್ಟ ಹಾಗೆ, ಶುರು ಮಾಡಿದ್ರಾ?" ಎಂದು ಗೊಣಗುತ್ತಿದ್ದಳು. ಅವನು ಮಾತ್ರ ಎಡಭುಜ ಎಂಬ ಮಾತು ಬಂದಾಗಲೆಲ್ಲ ಎದ್ದು ನೀರು ಕುಡಿಯಲು ಹೋಗುತ್ತಿದ್ದ. ನಲವತ್ತೆರಡು ವರ್ಷ ಆ ಚಾಕುವನ್ನು ಅವನು ಒರೆಯಿಂದ ಹಿರಿಯಲಿಲ್ಲ, ಅಪ್ಪ ಹಿರಿದಾಗ ನೋಡಲೂ ಇಲ್ಲ. ಮೊನೆಯನ್ನು ಮಾತ್ರ ವರ್ಷಕ್ಕೊಮ್ಮೆ ಕದ್ದು ನೋಡುತ್ತಿದ್ದ. ನಿನ್ನೆ ಮುರಿದ ಹಾಗೆ ಹೊಳೆಯುತ್ತಿತ್ತು. ಪಾಪಕ್ಕೆ ವಯಸ್ಸಾಗುವುದಿಲ್ಲ ಎಂದುಕೊಂಡು ಮುಚ್ಚಿಡುತ್ತಿದ್ದ.

ಈಗ ಊರಿನ ವಸ್ತುಸಂಗ್ರಹಾಲಯದವರು ಮನೆಮನೆಯ ಹಳೆಯ ಆಯುಧಗಳಿಗೆಂದು ಒಂದು ಕೋಣೆ ತೆರೆಯುತ್ತಿದ್ದರು. ಜಾಹೀರಾತನ್ನು ಹೆಂಡತಿ ಓದಿ ಹೇಳಿದ ದಿನದಿಂದ ಎಂಬತ್ತಮೂರರ ಅಪ್ಪನಿಗೆ ಬೇರೆ ಮಾತಿಲ್ಲ. ಅಪ್ಪನ ನೋಟದ ನಡುವೆ ಈಗ ಒಂದು ಕಪ್ಪು ನಾಣ್ಯ ಕೂತಿತ್ತು. ಅಂಚು ಮಾತ್ರ ಕಾಣುತ್ತಿತ್ತು. ಜೀವಮಾನವಿಡೀ ಕನ್ನಡಕದ ಅಂಗಡಿ ನಡೆಸಿದವರಿಗೆ ಯಾವ ಕನ್ನಡಕವೂ ಆಗುತ್ತಿರಲಿಲ್ಲ. ಆದರೂ ಹಾಕಿಕೊಳ್ಳುತ್ತಿದ್ದರು, ಇಲ್ಲದಿದ್ದರೆ ಮೂಗು ತಣ್ಣಗಾಗುತ್ತದಂತೆ. "ನಿನ್ನ ಮುಖ ನೋಡಬೇಕಾದ್ರೆ ನಿನ್ನ ಕಿವಿ ನೋಡಬೇಕು ನಾನು" ಎಂದು ಬೆಳಿಗ್ಗೆ ಅವನ ಎಡಗಿವಿಯ ಜೊತೆ ಮಾತಾಡಿದ್ದರು. "ಕೇಳ್ಕೊಂಡು ಬಾ. ಕೆಳಗೆ ಒಂದು ಚೀಟಿ ಹಾಕ್ತಾರಂತಲ್ಲ, ಏನು ಬರೀತಾರೆ ಕೇಳು. ಬೇಟೆ ಚಾಕು ಅಂತ ಇರಬೇಕು. ಕರಡಿ ಅಂತಾನೂ ಇದ್ರೆ ಒಳ್ಳೇದು. ನಾನು ಹೋದ್ಮೇಲೆ ಆ ಕಥೆ ಹೇಳೋರು ಯಾರಿದಾರೆ? ನೀನಂತೂ ನೀರು ಕುಡಿಯಕ್ಕೆ ಹೋಗ್ತೀಯ." ಕಿವಿ ಬೆಚ್ಚಗಾಯಿತು. ಇಷ್ಟು ವರ್ಷ ಅಪ್ಪ ಅದನ್ನು ಗಮನಿಸಿದ್ದರೇ? ಇವತ್ತು ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಅವನು ನಿಶ್ಚಯಿಸಿದ. ಮೊದಲು ತಜ್ಞರಿಗೆ ತೋರಿಸುವುದು, ಚಾಕುವಿನ ಪಕ್ಕದಲ್ಲಿ ಮೊನೆ ಇಡುವುದು. ಆಮೇಲೆ ಅಪ್ಪನಿಗೆ. ಪ್ರಯೋಗಕ್ಕೊಂದು ಕ್ರಮ ಬೇಕು.

ತಜ್ಞೆ ನೆಲಮಾಳಿಗೆಯಲ್ಲಿ ಕೂತಿದ್ದರು. ಬಾಗಿಲಲ್ಲಿದ್ದ ಗುಮಾಸ್ತ ಚಾಕುವಿಗೆ 41 ಎಂದು ಬರೆದ ರಟ್ಟಿನ ಚೀಟಿ ಕಟ್ಟಿ, ಇನ್ನೊಂದು ಚೀಟಿಯನ್ನು ಅವನ ಅಂಗಿಯ ಗುಂಡಿಗೆ ಕಟ್ಟಿದ. ಅದರ ಮೇಲೆ 41-ಅ ಎಂದಿತ್ತು. "ವಸ್ತುವಿನ ಜೊತೆ ಬಂದವರಿಗೂ ಹಾಕಬೇಕು ಸಾರ್. ಹೋದ ವಾರ ಒಬ್ಬರು ಇಲ್ಲೇ ಉಳಿದುಬಿಟ್ಟಿದ್ರು." ಉದ್ದನೆಯ ಮೇಜಿನ ಮೇಲೆ ಮೂರು ಕತ್ತಿ, ಹಿಡಿಯಿಲ್ಲದ ಈಟಿ, ಯಾರೋ ಶಿರಸ್ತ್ರಾಣ ಎಂದು ತಂದುಕೊಟ್ಟ ಒಂದು ಪಾತ್ರೆ ಸಾಲಾಗಿ ಕಾಯುತ್ತಿದ್ದವು. ಅವನೂ ಪಾತ್ರೆಯ ಪಕ್ಕದಲ್ಲಿ ನಿಂತು ಕಾದ. ತಜ್ಞೆಗೆ ಜೋರು ನೆಗಡಿಯಾಗಿತ್ತು. "ಇವತ್ತೇ ಬರಬೇಕಿತ್ತಾ ನೀವು? ಮೂಗು ಕಟ್ಟಿದೆ. ಇಲ್ಲಾಂದ್ರೆ ಮೂಸಿ ಅರ್ಧ ಹೇಳಿಬಿಡ್ತಿದ್ದೆ" ಎಂದು ಕೈಗವಸು ತೊಟ್ಟು ಚಾಕು ಹಿರಿದರು. ನಲವತ್ತೆರಡು ವರ್ಷದ ನಂತರ ಅವನು ಅದನ್ನು ಕಂಡ. ಕಪ್ಪಗೆ, ಅಲ್ಲಲ್ಲಿ ತುಕ್ಕಿನ ಮಚ್ಚೆ ಹೊತ್ತು, ತುದಿಯಲ್ಲಿ ಮೊಂಡಾಗಿ, ಹಲ್ಲಿಲ್ಲದ ಮುದುಕನ ಬಾಯಿಯಂತೆ ಇತ್ತು. ಅವನಿಗೆ ಕಣ್ಣು ತಗ್ಗಿಸಬೇಕೆನಿಸಿತು.

"ಹಿಡಿ ಕೊಂಬಿನದು. ಒಳ್ಳೇ ಕಮ್ಮಾರನ ಕೆಲಸ" ಎಂದರು ತಜ್ಞೆ. "ತೊಂದರೆ ಏನಂದ್ರೆ, ಇದೇ ಕಮ್ಮಾರ ಇದೇ ಅಚ್ಚಲ್ಲಿ ಮೂರು ಥರ ಚಾಕು ಮಾಡ್ತಿದ್ದ. ಮುಕ್ಕಾಲು ಅಲಗು ಮೂರಕ್ಕೂ ಒಂದೇ. ಕೊನೇ ಎರಡು ಬೆರಳಲ್ಲಿ ಮಾತ್ರ ವ್ಯತ್ಯಾಸ. ಮೇಲಕ್ಕೆ ಬಾಗಿದ್ರೆ ಬೇಟೆದು. ನೆಟ್ಟಗಿದ್ರೆ ಅಡುಗೆಮನೇದು. ಕೆಳಕ್ಕೆ, ಗಿಣಿ ಕೊಕ್ಕಿನ ಥರ ಬಾಗಿದ್ರೆ ತೋಟದೋರು ರೆಂಬೆ ಸವರೋದು. ಮೊನೆ ಎಲ್ಲಿ?"

ಇದೇ ಆ ಗಳಿಗೆ. ಅವನ ಕೈ ಚೀಲದೊಳಗೆ ಹೋಗಿ ಕಂಪಾಸ್ ಪೆಟ್ಟಿಗೆಯನ್ನು ಮುಟ್ಟಿತು. ಬಾಯಿ ತೆರೆದ. "ಕರಡಿಯಲ್ಲಿದೆ" ಎಂದ.

ತಜ್ಞೆ ಸೀನಿದರು. "ಎಲ್ಲಿ?"

"ಎಡಭುಜದಲ್ಲಿ."

"ಸರಿ. ಕರಡಿ ಎಲ್ಲಿದೆ?"

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ, ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗೆ. ಕರಡಿ ಎಲ್ಲಿದೆ ಎಂದು ಮನೆಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಚರ್ಮವಿಲ್ಲ, ಉಗುರಿಲ್ಲ, ಒಂದು ಕೂದಲಿಲ್ಲ. ಇದ್ದದ್ದು ತಾತನ ಒಂದೇ ಒಂದು ಫೋಟೊ: ಹಣ್ಣಿನ ಮರವೊಂದರ ಕಾಂಡದ ಮೇಲೆ ಕೈಯಿಟ್ಟು ನಿಂತದ್ದು. ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಪ್ಪ, ಕರಡಿ ಮರದ ಹಿಂದಿದೆ ಎಂದಿದ್ದರು. "ಮರದ ಹಿಂದೆ" ಎಂದು ಅವನು ಹೇಳಲಿಲ್ಲ, ಪುಣ್ಯಕ್ಕೆ. "ಕೇಳಿ ಹೇಳ್ತೀನಿ" ಎಂದ.

"ಯಾರನ್ನ, ಕರಡೀನಾ?" ತಜ್ಞೆ ಒಂದು ಅರ್ಜಿ ಎಳೆದುಕೊಂಡು ಎಂಟನೆಯ ಅಂಕಣಕ್ಕೆ ಬೆರಳಿಟ್ಟರು. "ನೋಡಿ, ಮೊನೆ ಸಿಗದಿದ್ರೂ ಪರವಾಗಿಲ್ಲ. ಮುರಿಯೋದಕ್ಕೆ ಮುಂಚೆ ಮನೇಲಿ ಕಣ್ಣಾರೆ ಕಂಡವರು ಇದ್ರೆ, ಯಾವ ಕಡೆ ಬಾಗಿತ್ತು ಅಂತ ಬರೆದು ಸಹಿ ಹಾಕಲಿ. ಮೇಲಕ್ಕೆ, ನೇರ, ಕೆಳಕ್ಕೆ, ಬೇಡದ್ದನ್ನ ಹೊಡೆದುಹಾಕಿ. ನಾಳೆ ಹತ್ತಕ್ಕೆ ಪಟ್ಟಿ ಅಚ್ಚಿಗೆ ಹೋಗತ್ತೆ. ಬರದಿದ್ರೆ 'ಚಾಕು, ಉಪಯೋಗ ತಿಳಿಯದು' ಅಂತ ಹಾಕ್ತೀನಿ. ಅವಮಾನ ಏನಿಲ್ಲ. ಇಲ್ಲಿರೋದರಲ್ಲಿ ಅರ್ಧ ಹಾಗೇ ಇವೆ." ಪಾತ್ರೆಯ ಕಡೆ ನೋಡಿದರು. ತನ್ನನ್ನೂ ಸೇರಿಸಿ ನೋಡಿದರೇನೋ ಎಂದು ಅವನಿಗೆ ಅನ್ನಿಸಿತು.

ಚಾಕು ಮತ್ತೆ ಟವೆಲ್ಲಿಗೆ, ಚೀಲಕ್ಕೆ. ದಾರಿಯುದ್ದಕ್ಕೂ ತನ್ನನ್ನು ಬೈದುಕೊಂಡ. ಹೇಳಬೇಕಾದ್ದು ಕೈಯಲ್ಲೇ ಇತ್ತಲ್ಲ. ಮೊನೆ ಮೇಲಕ್ಕೆ ಬಾಗಿದೆ, ಬೇಟೆಯದೇ, ತಾತ ಗೆದ್ದ, ಅಪ್ಪ ಗೆದ್ದರು. ಸೋಲಬೇಕಾದ್ದು ತಾನೊಬ್ಬನೇ, ಅದೂ ಒಂದು ಬಣ್ಣದ ಡಬ್ಬಿಯ ಮಟ್ಟಿಗೆ. ಅಷ್ಟಕ್ಕೂ ನಾಲಿಗೆ ಏಳಲಿಲ್ಲ. ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನವನು ಗುಂಡಿಯ ಚೀಟಿ ನೋಡಿ, "ಏನ್ ದಶಾಂಶ, ಕೊನೆಗೂ ನಿನಗೆ ಪೂರ್ಣಾಂಕ ಕೊಟ್ರಾ?" ಎಂದು ನಕ್ಕ. ಚೀಟಿ ಬಿಚ್ಚಲು ಹೋದರೆ ಗಂಟು ಬಿಗಿಯಾಯಿತು. ಊಟದ ಹೊತ್ತಿನಲ್ಲಿ ಎಲ್ಲರೂ ಹೋದ ಮೇಲೆ ಅವನು ಕದವಿಕ್ಕಿ, ಬಿಳಿ ಕಾಗದ ಹಾಸಿ, ಒಂದು ಕಡೆ ಚಾಕು, ಒಂದು ಕಡೆ ಮೊನೆ ಇಟ್ಟ. ಅಗಲಿದವರನ್ನು ಸೇರಿಸುವವನ ಹಾಗೆ ಮುರುಕಿಗೆ ಮುರುಕು ತಂದ. ಸೇರಲಿಲ್ಲ.

ಬೆಳಕು ಸರಿಮಾಡಿದ. ತಿರುಗಿಸಿ ಇಟ್ಟ. ಸೇರಲಿಲ್ಲ. ಮೈಕ್ರೋಮೀಟರ್ ತೆಗೆದು ಮೊನೆಯ ದಪ್ಪ ಅಳೆದ: ಎರಡು ಪಾಯಿಂಟ್ ಒಂದು ಸೊನ್ನೆ. ಚಾಕುವನ್ನು ಮುರುಕಿನ ಬುಡದಲ್ಲೇ ಅಳೆದ: ಮೂರು ಪಾಯಿಂಟ್ ನಾಲ್ಕು ಎರಡು. ಉಪಕರಣ ಒರೆಸಿ ಮತ್ತೆ ಅಳೆದ. ಮೂರನೆಯ ಸಲ ಅಳೆದು ಅಭ್ಯಾಸಬಲದಿಂದ ಸರಾಸರಿ ತೆಗೆದ. ಲೋಹ ನಲವತ್ತೆರಡು ವರ್ಷ ಪಶ್ಚಾತ್ತಾಪಪಟ್ಟರೂ ಒಂದು ಪಾಯಿಂಟ್ ಮೂರು ಎರಡು ಮಿಲಿಮೀಟರ್ ಸವೆಯುವುದಿಲ್ಲ. ಆಗಲೇ ಅವನಿಗೆ ಹೊಳೆದದ್ದು, ಎಷ್ಟೋ ವರ್ಷಗಳಿಂದ ಕಣ್ಣಿಗೆ ಹೊಳೆಯುತ್ತಲೇ ಇದ್ದದ್ದು: ಚಾಕುವಿಗೆ ತುಕ್ಕು ಹಿಡಿದಿತ್ತು, ಕೈವಾರಕ್ಕೆ ತುಕ್ಕು ಹಿಡಿದಿತ್ತು, ಅದೇ ಪೆಟ್ಟಿಗೆಯಲ್ಲಿದ್ದ ಮೊನೆಗೆ ಒಂದು ಚುಕ್ಕೆ ತುಕ್ಕಿಲ್ಲ. ಅಂಗಡಿಯಲ್ಲಿ ಸಿಗುವ ತುಕ್ಕುರಹಿತ ಉಕ್ಕು! ದಿನಕ್ಕೆ ಇಪ್ಪತ್ತು ತುಂಡು ಉಕ್ಕನ್ನು ಜಾತಿ ಹಿಡಿದು ಹೇಳುವವನು ವರ್ಷಕ್ಕೊಮ್ಮೆ ಆ ಮೊನೆಯನ್ನು ಅಂಗೈಯಲ್ಲಿಟ್ಟುಕೊಂಡು, ಲೋಹ ನೋಡದೆ ಪಾಪ ನೋಡಿ ಮುಚ್ಚಿಟ್ಟಿದ್ದ. ಅವನಿಗೆ ಸಮಾಧಾನವಾಗಬೇಕಿತ್ತು. ತಾತನ ಚಾಕುವನ್ನು ತಾನು ಮುರಿದಿರಲಿಲ್ಲ. ಆದರೆ ಯಾರೋ ಜೇಬಿನಿಂದ ಏನನ್ನೋ ಎಗರಿಸಿದ ಹಾಗೆ ಅವನು ಎರಡೂ ಜೇಬು ಮುಟ್ಟಿ ನೋಡಿಕೊಂಡ. ಊಟ ಮಾಡಲಿಲ್ಲ. ಡಬ್ಬಿ ಚಾಕುವಿನ ಪಕ್ಕದಲ್ಲಿ ಹಾಗೇ ಮನೆಗೆ ಬಂತು.

ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. ಹಿಂದಿನ ಗೋಡೆಯ ಮೇಲೆ ಮುಚ್ಚಿಹೋದ ಅಂಗಡಿಯಿಂದ ತಂದ, ಕಣ್ಣು ಪರೀಕ್ಷಿಸುವ ಹಳೆಯ ಪಟ: ಅಕ್ಷರ ಬಾರದವರಿಗೆಂದು ಮಾಡಿದ್ದು, ಸಾಲುಸಾಲಾಗಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ, ಎಡಕ್ಕೆ, ಬಲಕ್ಕೆ ಹಲ್ಲು ಚಾಚಿದವು. ಅಪ್ಪ ಕೋಲಿನಿಂದ ತೋರಿಸಿ, "ಹಲ್ಲು ಯಾವ ಕಡೆಗೆ?" ಎಂದು ಕೇಳುತ್ತಿದ್ದರು. ಬಂದವರು ಕೈ ಮಾಡಿ ತೋರಿಸುತ್ತಿದ್ದರು. ಗಿರಾಕಿ ಹೋದ ಮೇಲೆ ಅಪ್ಪ ಅವನಿಗೆ ಹೇಳುತ್ತಿದ್ದರು: "ತಪ್ಪು ಹೇಳೋನಿಗೆ ಕನ್ನಡಕ ಕೊಡಬಹುದು ಕಣೋ. ತಡ ಮಾಡಿ ಸರಿ ಹೇಳ್ತಾನಲ್ಲ, ಅವನಿಗೆ ಏನು ಕೊಡೋದು?" ತಡ ಮಾಡಿ ಸರಿ ಹೇಳುವವನು ಎಂದರೆ ತಾನೇ ಎಂದು ಅವನಿಗೆ ಆಗಲೂ ಅನುಮಾನವಿತ್ತು.

"ಏನಂದ್ರು? ಬೇಟೆದೇ ತಾನೇ?"

"ಅಪ್ಪ, ಮೊನೆ ಮುರಿದದ್ದು ನಾನು."

ನಲವತ್ತೆರಡು ವರ್ಷದ ಮಾತು ಎರಡು ಸೆಕೆಂಡಿನಲ್ಲಿ ಮುಗಿದುಹೋಯಿತು. ಅಪ್ಪ ಅವನ ಕಿವಿ ನೋಡಿದರು.

"ಗೊತ್ತು. ಹಸಿರು ಬಣ್ಣ. ಅಲಗು ನೀನು ಒರೆಸಿದ್ದೆ, ಹಿಡಿ ಸಂದೀಲಿ ಉಳಿದಿತ್ತು. ಊರವರ ಕಣ್ಣೆಲ್ಲ ನೋಡಿದೋನು ನಾನು, ಮಗನ ಕಣ್ಣು ನೋಡಕ್ಕೆ ಬರಲ್ವಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ. ಬಂದವರ ಮುಂದೆ ಗೊಳೋ ಅಂತಿದ್ದೆ. ಅದಕ್ಕೇ ನಾನು ಕರಡಿ ಮೇಲೆ ಹಾಕಿದೆ. ಕರಡಿ ಏನು ಜಗಳಕ್ಕೆ ಬರತ್ತಾ?"

ಒಳಗಿನಿಂದ ಹೆಂಡತಿ, "ಡಬ್ಬಿ ಹಾಗೇ ಇದೆಯಲ್ರೀ! ನಾನು ಹೇಳಿರಲಿಲ್ವಾ, ಊಟಕ್ಕೆ ತಾಗತ್ತೆ ಅಂತ?" ಎಂದು ಕೂಗಿದಳು. ಅವನು ಅಪ್ಪನ ಹತ್ತಿರಕ್ಕೆ ಸರಿದ. "ಆದ್ರೆ ಇದು ಆ ಚಾಕು ಅಲ್ಲ ಅಪ್ಪ. ಅಳೆದು ನೋಡ್ದೆ. ನನ್ನ ಹತ್ರ ಇರೋ ಮೊನೆಗೂ ಇದಕ್ಕೂ ವ್ಯತ್ಯಾಸ ಇದೆ."

"ಎಷ್ಟು?"

"ಒಂದು ಪಾಯಿಂಟ್ ಮೂರು ಎರಡು ಮಿಲಿಮೀಟರ್."

"ಅಷ್ಟೊಂದಾ!" ಅಪ್ಪ ನಿಜಕ್ಕೂ ಬೇಸರಪಟ್ಟರು. "ಅಂಗಡಿಯವನು ಒಂದೇ ಥರ ಅಂದಿದ್ದ." ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು, ಕಾಣದ ಗಾಜನ್ನು ಕಾಣದ ಕಣ್ಣಿಗಾಗಿ. "ಪಾಲಾದಾಗ ತಾತನ ಚಾಕು ನಿನ್ನ ಚಿಕ್ಕಪ್ಪ ತಗೊಂಡ. ನನಗೆ ಒರೆ ಬಂತು. ಖಾಲಿ ಒರೆ ಗೋಡೆಗೆ ಹಾಕಕ್ಕಾಗತ್ತಾ? ಬೇಟೆ ಸಾಮಾನಿನ ಅಂಗಡೀಲಿ ಒಂದು ತಂದು ತುಂಬಿಸಿದೆ. ನೀನು ಮುರಿದದ್ದು ಅದನ್ನ. ಆರು ತಿಂಗಳಾದ್ಮೇಲೆ ಚಿಕ್ಕಪ್ಪ ಬಂದ, ಪೇಪರಲ್ಲಿ ಸುತ್ತಿಕೊಂಡು. 'ಅಣ್ಣ, ನೀನೇ ಇಟ್ಕೋ, ಇದು ಮನೇಲಿದ್ರೆ ಇವಳಿಗೆ ನಿದ್ದೆ ಬರಲ್ವಂತೆ' ಅಂದ. ಬಿಚ್ಚಿ ನೋಡಿದ್ರೆ ಮೊನೆ ನೆಟ್ಟಗಿದೆ."

"ನೆಟ್ಟಗೆ?"

"ಮುರಿದಿಲ್ಲ ಅಂದೆ. ಅಷ್ಟರಲ್ಲಿ ಅರ್ಧ ಊರಿಗೆ ಹೇಳಿಬಿಟ್ಟಿದೀನಿ, ಮೊನೆ ಕರಡೀಲಿದೆ ಅಂತ. ಈಗ ಅದರ ಬದಲು ಇದನ್ನ ಒರೇಲಿಟ್ಟು ಗೋಡೆಗೆ ಹಾಕಿದ್ರೆ ನೀನು ನೋಡ್ತೀಯ. ಮೊನೆ ಮತ್ತೆ ಬೆಳೆದಿದೆ! ಹನ್ನೊಂದು ವರ್ಷದೋನು ನೀನು, ಏನು ಅಂದ್ಕೋಬೇಕು?" ಅಪ್ಪ ಕೈಗಳನ್ನು ಗಾಳಿಯಲ್ಲಿ ಎತ್ತಿ, ಕಬ್ಬಿಣ ಕಚ್ಚಿ ಹಿಡಿಯುವ ವೈಸು ತಿರುಗಿಸುವಂತೆ ತಿರುಗಿಸಿದರು. "ಅಂಗಡಿ ಬಾಗಿಲು ಹಾಕ್ಕೊಂಡು, ಫ್ರೇಮು ಬಗ್ಗಿಸೋ ವೈಸಿಗೆ ಕಚ್ಚಿಸಿ ಸುತ್ತಿಗೇಲಿ ಹೊಡೆದೆ. ಒಳ್ಳೇ ಉಕ್ಕು ಕಣೋ, ಮೂರು ಏಟಿಗೆ ಬಗ್ಗಲಿಲ್ಲ. ನಾಲ್ಕನೇದಕ್ಕೆ ಹೋಯ್ತು. ನಮ್ಮಪ್ಪನ ಕೈಬೆರಳು ಮುರಿದ ಹಾಗಾಯ್ತು."

ಅವನು ಕೂತ. ಸುಳ್ಳಿಗೆ ಸರಿಹೊಂದಲೆಂದು ನಿಜವನ್ನು ವೈಸಿಗೆ ಕಚ್ಚಿಸಿ ಹೊಡೆದ ಮನುಷ್ಯ ಎದುರಿಗೆ ಕೂತು ಮೂಗು ಉಜ್ಜಿಕೊಳ್ಳುತ್ತಿದ್ದರು. ತಾನು ಒಂದು ಮೊನೆ ಬಚ್ಚಿಟ್ಟುಕೊಂಡು ನೀರು ಕುಡಿಯಲು ಏಳುತ್ತಿದ್ದಾಗ, ಅಪ್ಪ ಇನ್ನೊಂದು ಮೊನೆ ಬಚ್ಚಿಟ್ಟುಕೊಂಡು ಕಥೆ ಹೇಳುತ್ತಿದ್ದರು. ಈ ಮನೆಯಲ್ಲಿ ಮುರಿಯದೆ ಉಳಿದದ್ದು ಕರಡಿಯೊಂದೇ. "ಆ ಮೊನೆ ಎಲ್ಲಿದೆ?" ಎಂದು ಕೇಳಿದ. ಕೇಳುವಾಗಲೇ ಉತ್ತರ ಗೊತ್ತಿತ್ತು. ಇಂಥದ್ದನ್ನು ಎಸೆಯುವ ಜಾತಿ ಅಲ್ಲ ಇವರದ್ದು. ಅಪ್ಪ ದಿಂಬಿನ ಕೆಳಗಿನಿಂದ ಒಂದು ಹಳೆಯ ಕನ್ನಡಕದ ಡಬ್ಬ ತೆಗೆದು ಮೇಜಿನ ಮೇಲಿಟ್ಟರು.

ಅವನು ಅರ್ಜಿಯನ್ನು ಬಿಡಿಸಿ ಮೇಜಿನ ಮೇಲೆ ಹಾಸಿದ. ಎಂಟನೆಯ ಅಂಕಣವನ್ನು ಗಟ್ಟಿಯಾಗಿ ಓದಿ ಹೇಳಿದ. ಮೇಲಕ್ಕೆ ಬಾಗಿದ್ದರೆ ಬೇಟೆ, ನೇರವಿದ್ದರೆ ಅಡುಗೆಮನೆ, ಕೆಳಕ್ಕಾದರೆ ತೋಟ. ಕಣ್ಣಾರೆ ಕಂಡವರ ಸಹಿ. ನಾಳೆ ಹತ್ತು ಗಂಟೆ. ಅಪ್ಪ ಕೇಳುತ್ತ ಕೇಳುತ್ತ ಚಿಕ್ಕವರಾದ ಹಾಗೆ ಕಂಡರು. ನಂತರ ಬೆರಳಿನಿಂದ ಅವನ ಅಂಗಿಯ ಗುಂಡಿ ತಡವಿ, "ಇದೇನೋ ಕಟ್ಕೊಂಡಿದೀಯ?" ಎಂದರು.

"ನನ್ನ ನಂಬರು."

"ಇರಲಿ ಬಿಡು." ಡಬ್ಬ ತೆರೆದು ಚೂರನ್ನು ಎತ್ತಿ, ಅಂಗೈ ಮೇಲಿಟ್ಟು ಮುಂದೆ ಚಾಚಿದರು. ಅವರ ದನಿ ಅಂಗಡಿಯ ಕಾಲದ ದನಿಯಾಯಿತು, ಸಾವಿರಾರು ಜನರನ್ನು ಗೋಡೆಯೆದುರು ನಿಲ್ಲಿಸಿದ ದನಿ. "ನನಗೆ ಕಾಣಲ್ಲ. ನೀನು ನೋಡಿ ಹೇಳು. ಯಾವ ಕಡೆಗೆ?"

ಆ ಮೊನೆಯನ್ನು ಮುರಿದ ಕೈ ಅದೇ. ಮುರಿಯುವಾಗ ಅಪ್ಪನ ಕಣ್ಣಿಗೆ ಕಪ್ಪು ನಾಣ್ಯವಿರಲಿಲ್ಲ. ಅಂಗೈಯ ಮೇಲೆ, ದಪ್ಪನೆಯ, ಕಪ್ಪನೆಯ, ತುಕ್ಕಿನ ಚುಕ್ಕೆಯ ಮೊನೆ. ಮೂರು ಪಾಯಿಂಟ್ ನಾಲ್ಕು ಎರಡು, ಅಳೆಯದೆಯೇ ಗೊತ್ತಾಗುತ್ತಿತ್ತು. ಅಲಗಿನ ಹರಿತ ಬಾಗಿದ ಒಳಮಗ್ಗುಲಲ್ಲಿತ್ತು. ಗಿಣಿಯ ಕೊಕ್ಕಿನಂತೆ, ಸಂಶಯಕ್ಕೆ ಕೂದಲೆಳೆಯಷ್ಟೂ ಜಾಗವಿಲ್ಲದಂತೆ, ಕೆಳಕ್ಕೆ ಬಾಗಿತ್ತು. ಫೋಟೊದಲ್ಲಿ ಮರದ ಕಾಂಡದ ಮೇಲಿದ್ದ ತಾತನ ಕೈ, ಮಗುವಿನ ತಲೆ ಸವರುವಂತಿದ್ದ ಆ ಕೈ, ಅವನ ಕಣ್ಣಮುಂದೆ ಬಂದು ಹೋಯಿತು. ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಅಳತೆ ಬರೆದವನಲ್ಲ.

"ಮೇಲಕ್ಕೆ" ಎಂದ.

ಅಪ್ಪನ ಮುಖ ಅವನ ಕಿವಿಯಿಂದ ನಿಧಾನವಾಗಿ ಸರಿದು ನೇರ ಅವನ ಕಣ್ಣಿಗೆ ಬಂತು. ಆ ಕಡೆಯಿಂದ ಅವರಿಗೆ ಏನೂ ಕಾಣುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ತಡ ಮಾಡ್ಲಿಲ್ಲ ನೀನು" ಎಂದರು ಅಪ್ಪ. ಮೊನೆಯನ್ನು ಡಬ್ಬದಲ್ಲಿಟ್ಟು ಟಪ್ಪೆಂದು ಮುಚ್ಚಿದರು. ಎರಡೂ ಕೈಯಿಂದ ತಮ್ಮ ಕನ್ನಡಕ ತೆಗೆದು, ಗಿರಾಕಿಗೆ ತೊಡಿಸುವಂತೆ ಕಡ್ಡಿ ಬಿಡಿಸಿ, ಅವನ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಸಿಕ್ಕಿಸಿದರು. "ಹೂಂ. ಈಗ ಬರಿ."

ದಪ್ಪ ಗಾಜಿನ ಹಿಂದೆ ಮೇಜು ಉಬ್ಬಿ ಬಂತು, ಅರ್ಜಿಯ ಗೆರೆಗಳು ನೀರಿನಲ್ಲಿ ಬಿದ್ದ ದಾರದಂತೆ ತೇಲಿದವು. ಅವನು ಪೆನ್ನು ಹಿಡಿದು, ಅಂಕಣ ಎಲ್ಲಿದೆಯೆಂದು ಬೆರಳಿನಿಂದ ಹುಡುಕಿಕೊಂಡು, ಬೇಡದ್ದನ್ನು ಹೊಡೆದುಹಾಕಿದ. ಕಣ್ಣಾರೆ ಕಂಡವರು ಎಂಬಲ್ಲಿ ಸಹಿ ಹಾಕಿದ.